ದಾಳ ಮತ್ತು ಧಾರಣೆ: ಒಂದು ಆಟದ ಯುದ್ಧನಿಯಮಗಳನ್ನು ಹಿಂದೂಪುರ–ಕಲ್ಯಾಣದುರ್ಗದಲ್ಲಿ ನಿಂತು ಓದುವುದು

1

ನಿಯಮಗಳ ಪಟ್ಟಿಯನ್ನು ಸಾಹಿತ್ಯಪಠ್ಯವೆಂದು ಓದುವ ರೂಢಿ ನಮ್ಮಲ್ಲಿ ಕಡಿಮೆ. ವ್ರತಕಥೆಯ ಕಥಾಭಾಗವನ್ನು ವಿಮರ್ಶೆ ಎತ್ತಿಕೊಳ್ಳುತ್ತದೆ. ಎಷ್ಟು ಎಳೆಯ ದಾರ, ಯಾವ ತಿಥಿ, ಯಾರಿಗೆ ಬಾಗಿನ ಎಂಬ ವಿಧಿಭಾಗವನ್ನು ಪಕ್ಕಕ್ಕಿಡುತ್ತದೆ. ಆದರೆ ಒಂದು ಪಠ್ಯದ ಲೋಕದೃಷ್ಟಿ ಹಲವು ಬಾರಿ ಅದರ ಕಥೆಗಿಂತ ವಿಧಿಯಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಯಾರು ಏನು ಮಾಡತಕ್ಕದ್ದು, ಯಾರಿಗೆ ಏನು ಸಲ್ಲತಕ್ಕದ್ದು, ಯಾವುದು ಆಕಸ್ಮಿಕ, ಯಾವುದು ಅನಿವಾರ್ಯ ಎಂಬುದನ್ನು ವಿಧಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಡಿಜಿಟಲ್ ಆಟಗಳ ವಿಷಯದಲ್ಲಿ ಇಯಾನ್ ಬೊಗೊಸ್ಟ್ ‘ಪರ್ಸುಯೇಸಿವ್ ಗೇಮ್ಸ್’ (2007) ಎಂಬ ಕೃತಿಯಲ್ಲಿ ಮಂಡಿಸಿದ ವಾದವೂ ಇದಕ್ಕೆ ಹತ್ತಿರದ್ದು: ಆಟ ತನ್ನ ಚಿತ್ರ ಮತ್ತು ಮಾತುಗಳಿಂದ ಮಾತ್ರವಲ್ಲದೆ ತನ್ನ ನಿಯಮಗಳಿಂದಲೂ ವಾದ ಹೂಡುತ್ತದೆ.

ಈ ಲೇಖನದ ವಿಷಯ ಅಂಥದೊಂದು ನಿಯಮಾವಳಿ. ವಿಲ್ ರೈಟ್ ರೂಪಿಸಿ ಮ್ಯಾಕ್ಸಿಸ್ ಸಂಸ್ಥೆ 2000ದಲ್ಲಿ ಹೊರತಂದ ‘ದಿ ಸಿಮ್ಸ್’ ಬದುಕನ್ನು ಅನುಕರಿಸುವ ಆಟ. ಅದರಲ್ಲಿ ಗೆಲ್ಲಬೇಕಾದದ್ದೇನೂ ಇಲ್ಲ. ಮನೆ ಕಟ್ಟಿಸಬೇಕು, ಉಣ್ಣಿಸಬೇಕು, ದುಡಿಸಬೇಕು, ಮದುವೆ ಮಾಡಿಸಬೇಕು, ಮಕ್ಕಳನ್ನು ಬೆಳೆಸಬೇಕು, ಕೊನೆಗೆ ಸಾಯುವುದನ್ನು ನೋಡಬೇಕು. ಆಟವೇ ಗುರಿಯನ್ನು ಕೊಡದಿರುವುದರಿಂದ ಆಟಗಾರರು ತಮಗೆ ತಾವೇ ಕಟ್ಟುಪಾಡು ಹಾಕಿಕೊಳ್ಳತೊಡಗಿದರು. ಇಂಥ ಕಟ್ಟುಪಾಡುಗಳಿಗೆ ‘ಸವಾಲು’ ಎಂದು ಹೆಸರು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ‘ಡಿಕೇಡ್ಸ್ ಚಾಲೆಂಜ್’, ಅಂದರೆ ದಶಕಗಳ ಸವಾಲು, ಒಂದು ಮನೆತನವನ್ನು 1890ರಿಂದ ನಮ್ಮ ಕಾಲದವರೆಗೆ ತಲೆಮಾರು ತಲೆಮಾರಾಗಿ ನಡೆಸಿಕೊಂಡು ಬರುವ ಕ್ರಮ. ಮಧ್ಯಯುಗದಿಂದಲೇ ಆರಂಭಿಸುವ ವಿಸ್ತೃತ ರೂಪಗಳೂ ಉಂಟು. ಪ್ರತಿ ದಶಕಕ್ಕೂ ಅದರದೇ ನಿಯಮಗಳಿವೆ. ಎರಡು ಮಹಾಯುದ್ಧಗಳು ಬರುವಾಗ ಈ ನಿಯಮಗಳು ಬಿಗಿಯಾಗುತ್ತವೆ. ಆ ಯುದ್ಧನಿಯಮಗಳನ್ನು ಹಿಂದೂಪುರ ಮತ್ತು ಕಲ್ಯಾಣದುರ್ಗದ ಕಡೆಯ ಒಂದು ಕನ್ನಡ ಮನೆಗೆ ಅನ್ವಯಿಸಿದರೆ ಯಾವುದು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

2

ಈ ನಿಯಮಾವಳಿಗೆ ಒಬ್ಬನೇ ಕರ್ತೃವಿಲ್ಲ. ಬಾಯಿಂದ ಬಾಯಿಗೆ ಸಾಗುವ ಲಾವಣಿಯಂತೆ ಇದರಲ್ಲಿಯೂ ಪಾಠಾಂತರಗಳಿವೆ. ಅಂಕಿಗಳು ಬದಲಾಗುತ್ತವೆ, ಚೌಕಟ್ಟು ಬಹುಮಟ್ಟಿಗೆ ಒಂದೇ. ಯುದ್ಧದ ವರ್ಷ ಬಂದಾಗ ಪ್ರಾಯಕ್ಕೆ ಬಂದ ಗಂಡಸರು ಯುದ್ಧಕ್ಕೆ ಹೋಗಲೇಬೇಕು. ಹೋದವರ ಪರವಾಗಿ ಆಟಗಾರ ದಾಳ ಉರುಳಿಸಬೇಕು. ಬಿದ್ದ ಅಂಕಿಯಂತೆ ಅವರು ಮರಳುತ್ತಾರೆ ಅಥವಾ ಸಾಯುತ್ತಾರೆ. ಗಂಡಸರು ಇಲ್ಲದ ಅವಧಿಯಲ್ಲಿ ಹೆಂಗಸರು ಹೊರಗೆ ದುಡಿಯಬಹುದು. ಸಕ್ಕರೆ, ಮಾಂಸ, ಬೆಣ್ಣೆಗಳಿಗೆ ಮಿತಿ. ಹಿತ್ತಲಲ್ಲಿ ತರಕಾರಿ ಬೆಳೆದುಕೊಳ್ಳಬೇಕು. ಹೊಸ ಪೀಠೋಪಕರಣ ಕೊಳ್ಳುವಂತಿಲ್ಲ.

ಮೊದಲು ಇದರ ಗುಣವನ್ನು ಹೇಳಬೇಕು. ಯುದ್ಧದ ಬಗೆಗಿನ ಬಹುಪಾಲು ಡಿಜಿಟಲ್ ಆಟಗಳು ಬಂದೂಕಿನ ಹಿಂದಿನಿಂದ ಲೋಕವನ್ನು ನೋಡುತ್ತವೆ. ದಶಕಗಳ ಸವಾಲು ಯುದ್ಧವನ್ನು ಅಡುಗೆಮನೆಯಿಂದ ನೋಡುತ್ತದೆ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಮುತ್ತಿಗೆಗೆ ಸಿಕ್ಕ ನಗರದ ಸಾಮಾನ್ಯರನ್ನು ಕೇಂದ್ರಕ್ಕೆ ತಂದದ್ದು ಶ್ಲಾಘನೀಯ; ಆದರೆ ಅಲ್ಲಿಯ ಜನ ನಮಗೆ ಯುದ್ಧದ ನಡುವೆಯೇ ಮೊದಲು ಪರಿಚಯವಾಗುತ್ತಾರೆ. ಇಲ್ಲಿ ಹಾಗಲ್ಲ. ದಾಳಕ್ಕೆ ಒಡ್ಡಬೇಕಾದ ಹುಡುಗನನ್ನು ಆಟಗಾರ ತೊಟ್ಟಿಲಿನಿಂದ ಬೆಳೆಸಿರುತ್ತಾನೆ, ಅವನ ಅಜ್ಜಿಯ ಸಾವನ್ನು ಕಂಡಿರುತ್ತಾನೆ. ಯಾರೂ ಪರೀಕ್ಷಿಸದ ಈ ನಿಯಮವನ್ನು ಆಟಗಾರ ತಾನಾಗಿ ಪಾಲಿಸುತ್ತಾನೆ ಎಂಬುದೂ ಗಮನಾರ್ಹ. ನಮ್ಮ ವ್ರತಗಳಿಗೂ ಇದಕ್ಕೂ ಇರುವ ಸಾಮ್ಯ ಅಲ್ಲಿದೆ.

ಈ ನಿಯಮಗಳನ್ನು ಹಿಡಿದು ನಾನು ಒಂದು ಮನೆತನವನ್ನು ಮೂರು ತಲೆಮಾರು ಆಡಿದ್ದೇನೆ. ಮನೆಯನ್ನು ಮನಸ್ಸಿನಲ್ಲಿ ಹಿಂದೂಪುರದ ಹತ್ತಿರ ಇಟ್ಟುಕೊಂಡಿದ್ದೆ: ಮುಂದೆ ಜಗುಲಿ, ನಡುವೆ ಪಡಸಾಲೆ, ಹಿಂದೆ ಕೊಟ್ಟಿಗೆಯೆಂದು ಕಲ್ಪಿಸಿಕೊಂಡ ಒಂದು ಚಾವಣಿ. 1916ರಲ್ಲಿ ದಾಳ ಎರಡನೆಯ ಮಗನನ್ನು ಕೊಂಡೊಯ್ದಿತು. ಆ ರಾತ್ರಿ ಮನೆಯವರು ದುಃಖಿಸಿದರು; ಮರುದಿನ ಅಡುಗೆಯ ವಸ್ತುವಿಗೆ ಹಿಂದಿನ ದಿನದ ಬೆಲೆಯನ್ನೇ ತೆತ್ತು ಊಟ ಮಾಡಿದರು. ಸಾವು ಬಂದಿತ್ತು, ಬೆಲೆಯೇರಿಕೆ ಬಂದಿರಲಿಲ್ಲ. ನನ್ನ ಅನುಮಾನ ಹುಟ್ಟಿದ್ದು ಆ ಊಟದಲ್ಲಿ.

3

‘ಹೋಗಲೇಬೇಕು’ ಎಂಬ ಮೊದಲ ನಿಯಮವನ್ನು ನೋಡೋಣ. ಬ್ರಿಟನ್ನಿನಲ್ಲಿ 1916ರಿಂದ ಕಡ್ಡಾಯ ಸೇನಾಭರ್ತಿಯಿತ್ತು. ಅಮೆರಿಕದಲ್ಲಿ ಎರಡು ಯುದ್ಧಗಳಲ್ಲಿಯೂ ಇತ್ತು. ಬ್ರಿಟಿಷ್ ಭಾರತದಲ್ಲಿ ಭಾರತೀಯರ ಮೇಲೆ ಅಂಥ ಕಾನೂನು ಎರಡೂ ಯುದ್ಧಗಳಲ್ಲಿ ಇರಲಿಲ್ಲ. ಒತ್ತಾಯ, ಆಮಿಷ, ಊರ ಮುಖ್ಯಸ್ಥರ ಮೇಲಿನ ಒತ್ತಡ ಇದ್ದದ್ದು ನಿಜ. ಆದರೆ ಮನೆಯೊಂದರಿಂದ ಹುಡುಗ ಸೈನ್ಯಕ್ಕೆ ಹೋಗುವುದನ್ನು ಹೆಚ್ಚಾಗಿ ನಿರ್ಧರಿಸುತ್ತಿದ್ದದ್ದು ಹೊಲದ ಸ್ಥಿತಿ, ಸಾಲ ಮತ್ತು ತಿಂಗಳ ಸಂಬಳದ ಭರವಸೆ. ಅಂದರೆ ನಿಯಮ ಹುಡುಗನ ವಯಸ್ಸನ್ನು ಕೇಳುವ ಮೊದಲು ಆ ವರ್ಷದ ಮಳೆಯನ್ನು ಕೇಳಬೇಕಾಗಿತ್ತು.

ಎರಡನೆಯದು ಸಾವಿನ ಲೆಕ್ಕ. ಮೊದಲ ಮಹಾಯುದ್ಧದಲ್ಲಿ 13 ಲಕ್ಷದಷ್ಟು ಭಾರತೀಯರು ಸೇವೆ ಸಲ್ಲಿಸಿದರು. ಸತ್ತವರು ಸುಮಾರು 74,000. ಎರಡನೆಯದರಲ್ಲಿ ಸೈನ್ಯ 25 ಲಕ್ಷಕ್ಕೆ ಏರಿತು. ಸತ್ತವರು ಸುಮಾರು 87,000. ಒಂದೊಂದು ಸಾವೂ ಒಂದು ಮನೆಯ ಸಾವೇ ಎಂಬುದನ್ನು ಮರೆಯದೆ ಇದರ ಪಕ್ಕಕ್ಕೆ ಇನ್ನೆರಡು ಅಂಕಿಗಳನ್ನು ಇಡಬೇಕು. ಮೊದಲ ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಸೈನಿಕರ ಹಡಗು ಮತ್ತು ರೈಲುಗಳ ಜೊತೆ ಹಬ್ಬಿದ ಇನ್‌ಫ್ಲುಯೆಂಜಾದಿಂದ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಎರಡನೆಯ ಯುದ್ಧದ ನಡುವೆ ಬಂಗಾಳದ 1943ರ ಕ್ಷಾಮದಲ್ಲಿ ಸತ್ತವರ ಅಂದಾಜು 30 ಲಕ್ಷದಷ್ಟು.

ಸ್ಮೃತಿಯ ಹಂಚಿಕೆ ಈ ಅಂಕಿಗಳನ್ನು ಅನುಸರಿಸಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾ ಪಟ್ಟಣವನ್ನು ಗೆದ್ದದ್ದಕ್ಕೆ ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಸ್ಮಾರಕವಿದೆ. ಅದೇ ಶರತ್ಕಾಲದಲ್ಲಿ ಜ್ವರದಿಂದ ಮಲಗಿದಲ್ಲೇ ಸತ್ತವರಿಗೆ ಸ್ಮಾರಕವಿಲ್ಲ. ಆಟದ ನಿಯಮ ದಾಳವನ್ನು ಸೈನಿಕನ ಮೇಲೆ ಮಾತ್ರ ಉರುಳಿಸಿದಾಗ ಅದು ಸ್ಮಾರಕದ ಪಕ್ಷವನ್ನು ವಹಿಸುತ್ತದೆ. ನಮ್ಮ ಕಡೆಯ ಮನೆಯೊಂದರಲ್ಲಿ ಯುದ್ಧಕಾಲದ ಅಪಾಯ ಹೆಚ್ಚಾಗಿದ್ದದ್ದು ದೂರದ ರಣಾಂಗಣದಲ್ಲಿದ್ದ ಒಬ್ಬನಿಗಿಂತ ಒಲೆಯ ಸುತ್ತ ಕುಳಿತವರಿಗೆ: ಮುದುಕರಿಗೆ, ಬಸುರಿಯರಿಗೆ, ಕೂಸುಗಳಿಗೆ.

4

ಬಂಗಾಳದ ಕ್ಷಾಮವನ್ನು ಅನಂತಪುರ ಜಿಲ್ಲೆಗೆ ಹಾಗೆಯೇ ತಂದು ಹಚ್ಚಲಾಗದು. ಆದರೆ ಅಮರ್ತ್ಯ ಸೇನ್ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ (1981) ಕೃತಿಯಲ್ಲಿ ಆ ಕ್ಷಾಮದಿಂದ ಎತ್ತಿದ ತತ್ತ್ವ ಇಲ್ಲಿಗೂ ಸಲ್ಲುತ್ತದೆ: ಧಾನ್ಯ ಇದೆಯೇ ಎಂಬುದಕ್ಕಿಂತ ಧಾನ್ಯವನ್ನು ಪಡೆಯುವ ಶಕ್ತಿ ಯಾರಿಗಿದೆ ಎಂಬುದು ಬದುಕು ಸಾವುಗಳನ್ನು ತೀರ್ಮಾನಿಸುತ್ತದೆ. ನಮ್ಮ ಮಾತಿನಲ್ಲಿ ಇದರ ಹೆಸರು ಧಾರಣೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ರಾಗಿ, ಜೋಳ, ನವಣೆ ತಿನ್ನುವ ಹಿಂದೂಪುರ–ಕಲ್ಯಾಣದುರ್ಗದ ಮನೆಗೆ ಬರ್ಮಾ ಅಕ್ಕಿಯ ಗೊಡವೆ ಏನು ಎನ್ನಬಹುದು. ಆದರೆ ಅಕ್ಕಿ ಸಿಗದ ಪಟ್ಟಣ ರಾಗಿಯತ್ತ ತಿರುಗಿದಾಗ ರಾಗಿಯ ಧಾರಣೆ ಮುದ್ದೆಯ ಗಾತ್ರವನ್ನು ಬದಲಿಸುತ್ತದೆ. ಹೊಲವಿದ್ದವನಿಗೆ ಅದು ಲಾಭ. ಕೂಲಿಗೆ ಹೋಗುವವಳಿಗೆ ಅದು ಉಪವಾಸ. ಒಂದೇ ಯುದ್ಧ, ಒಂದೇ ಊರು, ಒಂದೇ ಬೀದಿ; ಆದರೂ ಎರಡು ಮನೆಗಳಿಗೆ ಎರಡು ಯುದ್ಧ.

‘ದಿ ಸಿಮ್ಸ್’ನ ಯಂತ್ರಕ್ಕೆ ಇದು ಅರ್ಥವಾಗದು. ಅದರ ನಾಣ್ಯವಾದ ಸಿಮೋಲಿಯನ್ನಿನ ಬೆಲೆ ತಲೆಮಾರುಗಳುದ್ದಕ್ಕೂ ಸ್ಥಿರ. 1890ರಲ್ಲಿ ಕೊಂಡ ಕುರ್ಚಿಗೂ 1943ರಲ್ಲಿ ಕೊಂಡ ಕುರ್ಚಿಗೂ ಅಂಗಡಿಯಲ್ಲಿ ಒಂದೇ ಬೆಲೆ. ನಿಜದ ಯುದ್ಧಕಾಲದಲ್ಲಿ ದುಡ್ಡಿನ ದೇಹವೇ ಬದಲಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಲಾಯಿತು. ಒಂದು ರೂಪಾಯಿಯ ಕಾಗದದ ನೋಟು ಮತ್ತೆ ಬಂದಿತು. ತಾಮ್ರ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಸು ಚಲಾವಣೆಗೆ ಬಂದಿತು. ಯುದ್ಧ ಮುಗಿಯುವ ಹೊತ್ತಿಗೆ ದೇಶದ ಸಗಟು ಧಾರಣೆ 1939ರ ಎರಡು ಪಟ್ಟನ್ನು ಮೀರಿತ್ತು. ಮುಂದೆ ಮಕ್ಕಳ ಉಡಿದಾರಕ್ಕೂ ಆಟಕ್ಕೂ ಒದಗಿದ ಆ ತೂತಿನ ಕಾಸು, ಯುದ್ಧ ಪ್ರತಿ ಮನೆಯನ್ನೂ ಮುಟ್ಟಿತ್ತು ಎಂಬುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ. ನಿಯಮಾವಳಿಯಲ್ಲಿ ಅದಕ್ಕೆ ಸ್ಥಳವಿಲ್ಲ.

ಪಡಿತರದ ನಿಯಮವೂ ಹೊರಗಿನ ಅಡುಗೆಮನೆಯದು. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಪಡಿತರ ಆರಂಭವಾದದ್ದು ಹಂದಿಮಾಂಸ, ಬೆಣ್ಣೆ, ಸಕ್ಕರೆಗಳಿಂದ. ಅಲ್ಲಿಯ ಪಡಿತರ ಎಲ್ಲರಿಗೂ ಒಂದು ಕನಿಷ್ಠ ಪಾಲನ್ನು ಖಾತ್ರಿ ಮಾಡಿದ ವ್ಯವಸ್ಥೆ. ಇಲ್ಲಿ ಪಡಿತರ ಮೊದಲು ದೊಡ್ಡ ನಗರಗಳಿಗೆ ಬಂದಿತು. ಹಳ್ಳಿಗೆ ಯುದ್ಧ ಮೊದಲು ಬಂದದ್ದು ಕೊಡುವ ರೂಪದಲ್ಲಲ್ಲ, ಕೊಳ್ಳುವ ಮತ್ತು ತಡೆಯುವ ರೂಪದಲ್ಲಿ: ಸರ್ಕಾರಿ ಖರೀದಿ, ಸಾಗಣೆಯ ಪರವಾನಗಿ, ಸೀಮೆಎಣ್ಣೆಯ ಅಭಾವ, 1943ರ ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ. ಹಿತ್ತಲ ತೋಟದ ನಿಯಮದಲ್ಲಿ ಈ ಅಂತರ ಇನ್ನೂ ನೇರವಾಗಿ ಕಾಣುತ್ತದೆ. ಆಟದಲ್ಲಿ ಗಿಡದ ಮೇಲೆ ಒತ್ತಿದರೆ ನೀರು ಬೀಳುತ್ತದೆ. ಭಾರತ ಸರ್ಕಾರವೂ 1942–43ರಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಆಂದೋಲನ ಹೂಡಿತು. ಆದರೆ ಅನಂತಪುರ ದೇಶದ ಅತ್ಯಂತ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲೊಂದು. ಕಲ್ಯಾಣದುರ್ಗದ ಹಿತ್ತಲಿಗೆ ನೀರು ಎಲ್ಲಿಂದ ಎಂದು ಕೇಳದ ನಿಯಮ ಆ ಊರಿನ ನಿಯಮವಾಗಲಾರದು.

ಹೆಂಗಸರ ದುಡಿಮೆಯ ನಿಯಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊರಗೆ ದುಡಿಯುವುದು ಯುದ್ಧ ತಂದ ವಿನಾಯಿತಿ ಎಂಬುದು ಒಂದು ವರ್ಗದ ಅನುಭವ. ನಮ್ಮ ಸೀಮೆಯಲ್ಲಿ ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಹೆಂಗಸಿಗೆ ಆ ಅನುಮತಿಯನ್ನು ಯಾವ ಯುದ್ಧವೂ ಕೊಡಬೇಕಾಗಿರಲಿಲ್ಲ.

5

ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡನ್ನೂ ಒಟ್ಟಿಗೆ ಹೆಸರಿಸುವುದಕ್ಕೆ ಕಾರಣವಿದೆ. ಇಂದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಯುದ್ಧಕಾಲದಲ್ಲಿ ಎರಡೂ ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯವು. ಆದರೆ ಹಿಂದೂಪುರ ಬೆಂಗಳೂರು–ಗುಂತಕಲ್ಲು ರೈಲುಮಾರ್ಗದ ಮೇಲಿನ ಸಂತೆಯೂರು. ಕಲ್ಯಾಣದುರ್ಗಕ್ಕೆ ರೈಲು ಬಂದದ್ದು ಈ ಶತಮಾನದಲ್ಲಿ, ರಾಯದುರ್ಗ–ತುಮಕೂರು ಮಾರ್ಗದ ಭಾಗವಾಗಿ. ರೈಲಿರುವ ಊರಿನಲ್ಲಿ ಧಾರಣೆ ಬೆಂಗಳೂರಿನ ಮಾತು ಕೇಳುತ್ತದೆ. ಸೈನ್ಯದ ಸಾಗಣೆಗೆ ಗಾಡಿಗಳು ಮೀಸಲಾದಾಗ ಊರಿನ ಮೂಟೆ ನಿಲ್ದಾಣದಲ್ಲಿ ಕಾಯುತ್ತದೆ. ರೈಲಿಲ್ಲದ ಊರು ರಸ್ತೆಯನ್ನು ನಂಬಿರುತ್ತದೆ. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲ ಅನಿಲದಿಂದ ಓಡಬೇಕಾಯಿತು ಅಥವಾ ನಿಂತವು. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಿಗೆ ಒಂದೇ ಯುದ್ಧನಿಯಮ ಸಾಲದು ಎಂದಾದರೆ, ಇಡೀ ಲೋಕಕ್ಕೆ ಒಂದು ನಿಯಮ ಬರೆಯುವುದರ ಕಷ್ಟ ಅರ್ಥವಾಗುತ್ತದೆ.

ಇನ್ನು ಗಡಿಯ ಮಾತು. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಿದು. ಅದರ ಪಕ್ಕದಲ್ಲೇ ಮೈಸೂರು ಸಂಸ್ಥಾನ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ಅನಂತಪುರದ ಸೀಮೆ ಮೂರು ಕಡೆಯಿಂದ ಸುತ್ತುವರಿದಿದೆ. ಮಡಕಶಿರಾ, ಅಮರಾಪುರ, ರೊಳ್ಳ ಮುಂತಾದ ಕಡೆಯ ಕನ್ನಡ ಮನೆಗಳಿಗೆ ಹೆಣ್ಣು ಕೊಟ್ಟು ತಂದ ಬೀಗರು ಆಚೆ ಸೀಮೆಯಲ್ಲಿ. 1942ರಿಂದಾಚೆಗೆ ಪ್ರಾಂತ, ಸಂಸ್ಥಾನಗಳು ತಮ್ಮ ಧಾನ್ಯವನ್ನು ಹೊರಕ್ಕೆ ಬಿಡದಂತೆ ನಿರ್ಬಂಧ ಹೇರಿದಾಗ ಅದುವರೆಗೆ ನಕ್ಷೆಯ ಮೇಲಿದ್ದ ಗೆರೆ ಹೊಲದ ಬದುವಿಗೆ ಇಳಿದು ಬಂದಿತು. ಮಗಳ ಬಾಣಂತನಕ್ಕೆ ತವರಿನಿಂದ ಹೊರಟ ರಾಗಿಯ ಚೀಲ ಉಡುಗೊರೆಯೋ ಕಳ್ಳಸಾಗಣೆಯೋ? ಅದನ್ನು ತೀರ್ಮಾನಿಸುವುದು ಚೀಲವಲ್ಲ, ಗೆರೆ. ದಶಕಗಳ ಸವಾಲಿನ ಯಾವ ರೂಪದಲ್ಲಿಯೂ ನಾನು ಇಂಥ ನಿಯಮವನ್ನು ಕಂಡಿಲ್ಲ. ಅದರ ಮನೆಗೆ ಬೇಲಿಯುಂಟು, ಗಡಿಯಿಲ್ಲ. ಗಡಿನಾಡಿನ ಓದುಗರಾದ ನಮಗೆ ಈ ಕೊರತೆ ಉಳಿದವುಗಳಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.

6

ಹಾಗಾದರೆ ದಾಳವನ್ನು ಬಿಟ್ಟೇಬಿಡಬೇಕೆ? ರೋಜೆ ಕೈವಾ ಆಟಗಳನ್ನು ವರ್ಗೀಕರಿಸುವಾಗ (1958) ಸ್ಪರ್ಧೆ, ಆಕಸ್ಮಿಕ, ಅನುಕರಣೆ, ತಲೆಸುತ್ತು ಎಂಬ ನಾಲ್ಕು ಬಗೆಗಳನ್ನು ಹೇಳಿದ. ಆ ಲೆಕ್ಕದಲ್ಲಿ ಯುದ್ಧನಿಯಮ ಎಂದರೆ ಅನುಕರಣೆಯ ಆಟದೊಳಗೆ ಆಕಸ್ಮಿಕದ ಆಟವನ್ನು ತಂದು ಕೂರಿಸುವುದು. ಕನ್ನಡಕ್ಕೂ ತೆಲುಗಿಗೂ ಇದನ್ನು ಹೇಳಲು ಹೆಚ್ಚು ಸೂಕ್ಷ್ಮವಾದ ಪದವಿದೆ. ‘ವಿಧಿ’ ಎಂದರೆ ಕಟ್ಟಳೆ. ‘ವಿಧಿ’ ಎಂದರೆ ಹಣೆಬರಹ. ದಾಳದ ನಿಯಮ ಮಾಡುವುದು ಇದನ್ನೇ: ಮನುಷ್ಯರು ಬರೆದ ಮೊದಲ ವಿಧಿಯನ್ನು ಯಾರೂ ಬರೆಯದ ಎರಡನೆಯ ವಿಧಿಯಂತೆ ಕಾಣಿಸುತ್ತದೆ. ಹುಡುಗ ಸತ್ತದ್ದಕ್ಕೆ ದಾಳ ಕಾರಣ, ದಾಳಕ್ಕೆ ಕಾರಣವಿಲ್ಲ.

ಮಹಾಭಾರತದ ಪರಂಪರೆಯಲ್ಲಿ ಬೆಳೆದ ಓದುಗ ಇಷ್ಟು ಸುಲಭವಾಗಿ ದಾಳವನ್ನು ನಂಬುವುದಿಲ್ಲ. ಪಂಪನಲ್ಲಿಯೂ ಕುಮಾರವ್ಯಾಸನಲ್ಲಿಯೂ ದಾಳ ಯುದ್ಧದ ನಡುವೆ ಬರುವುದಿಲ್ಲ. ಯುದ್ಧಕ್ಕೆ ಮೊದಲು, ಯುದ್ಧದ ಕಾರಣವಾಗಿ ಬರುತ್ತದೆ. ಮತ್ತು ಅದು ಶಕುನಿಯ ದಾಳ. ಜನಪದ ಕಥೆಗಳಲ್ಲಂತೂ ಅದು ಯಾವ ಮೂಳೆಯಿಂದ ಮಾಡಿದ್ದು ಎಂಬುದಕ್ಕೂ ಕಥೆಯುಂಟು. ಆದ್ದರಿಂದ ನಮ್ಮ ಪರಂಪರೆಯ ಪ್ರಶ್ನೆ ದಾಳ ಏನು ಬಿದ್ದಿತು ಎಂಬಲ್ಲಿಗೆ ನಿಲ್ಲದೆ, ದಾಳ ಯಾರದು ಎಂದು ಕೇಳುತ್ತದೆ. ಯುದ್ಧಕಾಲದ ಧಾರಣೆ ಅಂಥ ದಾಳ. ಅದು ಉರುಳಿದಂತೆ ಕಾಣುತ್ತದೆ, ಆದರೆ ನೋಟು ಮುದ್ರಿಸಿದವರು, ದಾಸ್ತಾನು ಮಾಡಿದವರು, ಗೆರೆ ಎಳೆದವರು ಇರುತ್ತಾರೆ. 1877ರಲ್ಲಿ, ಈ ಸೀಮೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ಧಾತು ಸಂವತ್ಸರದ ಬರದ ನಡುವೆ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದು ನಿಗದಿ ಮಾಡಿದ. ಅದು ಕೂಡ ಬದುಕನ್ನು ನಡೆಸುವ ಒಂದು ನಿಯಮಾವಳಿಯೇ. ಅದರಲ್ಲಿ ದಾಳವಿರಲಿಲ್ಲ, ಅಂಕಿ ಮಾತ್ರ ಇತ್ತು, ಅಂಕಿಯ ಕೆಳಗೆ ಸಹಿ ಇತ್ತು.

ಸಾವಿನ ನಂತರದ ನಿಯಮವನ್ನೂ ನೋಡಬೇಕು. ಆಟದಲ್ಲಿ ಸತ್ತವನಿಗೆ ಒಂದು ಗೋರಿಕಲ್ಲು ಉಳಿಯುತ್ತದೆ. ನಮ್ಮ ಸೀಮೆ ವೀರಗಲ್ಲುಗಳ ಸೀಮೆ. ಅಮರಾಪುರದ ಬಳಿಯ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿ. ಆ ನೊಳಂಬರ ವಿರುದ್ಧ ಗಂಗರ ಪರವಾಗಿ ಹೋರಾಡಿ ಸತ್ತ ನಾಗತ್ತರನ ಬೇಗೂರಿನ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಕಾಳಗವನ್ನು ಕೆತ್ತಿ ಸುಮ್ಮನಾಗುವುದಿಲ್ಲ. ಸಾವಿನ ನಂತರ ಇರುಗನಿಗೆ ಕೊಟ್ಟ ಊರುಗಳನ್ನು ಹೆಸರು ಹೆಸರಾಗಿ ಎಣಿಸುತ್ತದೆ. ಸಾವಿಗೆ ಬದಲಾಗಿ ಭೂಮಿ ಎಂಬ ಆ ಕಾಲದ ಒಪ್ಪಂದವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಸತ್ತವನ ಮನೆಗೆ ಏನಾಯಿತು ಎಂದು ಕೇಳುವ ಜವಾಬ್ದಾರಿಯನ್ನು ಆ ಶಿಲಾಪಠ್ಯ ಹೊರುತ್ತದೆ. ಆಟದ ನಿಯಮ ದಾಳ ಬಿದ್ದ ಕ್ಷಣದಲ್ಲಿ ಮೌನವಾಗುತ್ತದೆ: ವಿಧವೆಯ ಪಿಂಚಣಿ, ಬಾಕಿ ಸಂಬಳ, ಮೈದುನನ ಜೊತೆ ಹಂಚಿಕೆ ಯಾವುದೂ ಅದರ ವ್ಯಾಪ್ತಿಯಲ್ಲಿಲ್ಲ.

7

ಈ ಪತ್ರಿಕೆಯ ಓದುಗರಿಗೆ ಮುಖ್ಯವೆನಿಸುವ ಇನ್ನೊಂದು ಅಂಶ ಭಾಷೆಯದು. ‘ದಿ ಸಿಮ್ಸ್’ನ ಪಾತ್ರಗಳು ಮಾತಾಡುವುದು ಸಿಮ್ಲಿಷ್ ಎಂಬ, ಯಾರ ತಾಯ್ನುಡಿಯೂ ಅಲ್ಲದ, ಅರ್ಥವಿಲ್ಲದ ನುಡಿಯಲ್ಲಿ. ಯಾವ ದೇಶದ ಆಟಗಾರನೂ ತನ್ನ ಮಾತನ್ನು ಅದರಲ್ಲಿ ತುಂಬಿಕೊಳ್ಳಬಹುದು ಎಂಬುದು ಅದರ ಅನುಕೂಲ. ಆದರೆ ಆ ಲೋಕದಲ್ಲಿ ಎರಡು ಭಾಷೆಗಳಿಲ್ಲ. ಆದ್ದರಿಂದ ಅಲ್ಲಿ ಬಹುಸಂಖ್ಯಾತರ ಭಾಷೆಯೂ ಇಲ್ಲ, ಅಲ್ಪಸಂಖ್ಯಾತರ ಭಾಷೆಯೂ ಇಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಮೇಲಿನ ಕಚೇರಿಯಲ್ಲಿ ಇಂಗ್ಲಿಷ್ ಎಂಬ ಮೂರು ಮೆಟ್ಟಿಲಿನ ಬದುಕಿಗೆ ಯುದ್ಧಕಾಲ ಹೊಸ ಅರ್ಥ ಕೊಡುತ್ತದೆ. ಯುದ್ಧವೆಂದರೆ ಆಜ್ಞೆ, ಅರ್ಜಿ, ಪರವಾನಗಿ, ರಸೀತಿ. ಸಂತೆಯಲ್ಲಿ ಚೌಕಾಸಿ ಮಾಡಲು ಸಾಕಾದ ತೆಲುಗು, ಕಾಗದ ಓದಿಸಿಕೊಳ್ಳುವಾಗ ಸಾಕಾಗದೆ ಹೋಗಬಹುದು. ಯಾರ ಕೈಯಲ್ಲಿ ಓದಿಸಿಕೊಳ್ಳುವುದು ಎಂಬುದೇ ಆಗ ಒಂದು ಋಣ.

ಆ ಕಾಲದ ದಾಖಲೆಯನ್ನು ಭಾಷೆ ತನ್ನೊಳಗೇ ಇಟ್ಟುಕೊಂಡಿದೆ. ‘ಕಂಟ್ರೋಲ್’ ಎಂಬ ಪದವನ್ನು ನೋಡಿ. ಕನ್ನಡದಲ್ಲಿ ಕಂಟ್ರೋಲ್ ಅಂಗಡಿ, ಕಂಟ್ರೋಲ್ ಬಟ್ಟೆ. ತೆಲುಗಿನಲ್ಲಿ ಕಂಟ್ರೋಲು ಬಿಯ್ಯಂ. ಗಡಿಯ ಎರಡೂ ಬದಿಯಲ್ಲಿ, ಎರಡೂ ಭಾಷೆಗಳಲ್ಲಿ, ಒಂದು ಸರ್ಕಾರಿ ಕ್ರಿಯಾಪದ ಜನರ ನಾಮಪದವಾಯಿತು. ಪರ್ಮಿಟ್, ಲೆವಿ, ಕೂಪನ್, ಬ್ಲಾಕ್ ಅದರ ಬಂಧುಗಳು; ‘ಕಾಳಸಂತೆ’ ಎಂಬುದು ಬರಹದ ಕನ್ನಡ ಕಟ್ಟಿಕೊಂಡ ಪದ. ರಣಾಂಗಣದ ಪದಗಳಿಗಿಂತ ಅಂಗಡಿಯ ಪದಗಳು ನಮ್ಮಲ್ಲಿ ಹೆಚ್ಚು ಉಳಿದಿವೆ ಎಂಬುದು ಈ ಲೇಖನದ ವಾದಕ್ಕೆ ಭಾಷೆಯೇ ಕೊಡುವ ಬೆಂಬಲ. ಈ ಪದ 1945ಕ್ಕೆ ಮುಗಿಯಲಿಲ್ಲ ಎಂಬುದನ್ನೂ ಗಮನಿಸಬೇಕು. 1947ರ ಕೊನೆಯಲ್ಲಿ ಸಡಿಲವಾದ ನಿಯಂತ್ರಣ ಮರುವರ್ಷವೇ ಮರಳಿತು. ಮದರಾಸಿನಲ್ಲಿ ಆಹಾರಧಾನ್ಯದ ಕಂಟ್ರೋಲನ್ನು ರಾಜಾಜಿಯವರ ಸರ್ಕಾರ ತೆಗೆದದ್ದು 1952ರಲ್ಲಿ. ಮರುವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು, ಅನಂತಪುರ ಅದಕ್ಕೆ ಸೇರಿತು. ಇಲ್ಲಿಯ ಕನ್ನಡ ಮನೆ ಯುದ್ಧದ ಕಾಗದಗಳಿಂದ ಬಿಡುಗಡೆಯಾದ ಮರುವರ್ಷವೇ ಭಾಷಾ ಅಲ್ಪಸಂಖ್ಯಾತ ಮನೆಯೆಂಬ ಹೊಸ ಹೆಸರಿಗೆ ಒಳಗಾಯಿತು. ದಶಕಗಳನ್ನು ಗೂಟವಾಗಿ ನೆಟ್ಟುಕೊಂಡ ನಿಯಮಾವಳಿಗೆ ಈ ಕಾಲಕ್ರಮ ಸಿಗುವುದಿಲ್ಲ.

8

ವಿಮರ್ಶೆ ದೋಷ ಎಣಿಸಿ ಎದ್ದು ಹೋಗಬಾರದು. ನಿಯಮಾವಳಿ ಎಲ್ಲರ ಸ್ವತ್ತಾಗಿರುವುದರಿಂದ ಅದಕ್ಕೆ ಒಂದು ಹಿಂದೂಪುರ–ಕಲ್ಯಾಣದುರ್ಗ ಪಾಠವನ್ನು ಸೇರಿಸಬಹುದು. ಅದರ ಕರಡು ಹೀಗಿರಬಹುದು.

ಒಂದು: ಅವಧಿ 1939ರಿಂದ 1952. ಪ್ರತಿ ವರ್ಷದ ಆರಂಭದಲ್ಲಿ ದಾಳವನ್ನು ಮಳೆಗಾಗಿ ಉರುಳಿಸಬೇಕು, ಮನುಷ್ಯರಿಗಾಗಿ ಅಲ್ಲ.

ಎರಡು: ಮಳೆ ತಪ್ಪಿದ ವರ್ಷ ಹಿತ್ತಲ ತೋಟವಿಲ್ಲ. ಸಾಲವಿರುವ ಮನೆಯ ಒಬ್ಬ ಹುಡುಗ ಸೈನ್ಯಕ್ಕೋ ಬೆಂಗಳೂರಿನ ಕಾರ್ಖಾನೆಗೋ ಹೋಗಬೇಕು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭವಾದದ್ದು 1940ರ ಡಿಸೆಂಬರಿನಲ್ಲಿ ಎಂಬುದು ಇಲ್ಲಿ ನೆನಪಿರಲಿ.

ಮೂರು: ಆಟದ ಬೆಲೆಗಳು ಏರದ ಕಾರಣ ಪ್ರತಿ ವರ್ಷ ಮನೆಯ ಹಣದಲ್ಲಿ ಒಂದು ಪಾಲನ್ನು ತೆಗೆದುಹಾಕಬೇಕು. ಹೊಲವಿರುವ ಮನೆಗೆ ಈ ಪಾಲು ಕಡಿಮೆ, ಕೂಲಿಯ ಮನೆಗೆ ಹೆಚ್ಚು.

ನಾಲ್ಕು: ಒಂದೇ ಮನೆಯನ್ನು ಆಡುವಂತಿಲ್ಲ. ಗಡಿಯ ಈಚೆ ಒಂದು, ಆಚೆ ಒಂದು ಮನೆ. ಎರಡರ ನಡುವೆ ಧಾನ್ಯ ಕಳಿಸಿದಾಗಲೆಲ್ಲ ಸಿಕ್ಕಿಬೀಳುವ ಅಪಾಯ.

ಐದು: ಸಾವಾದರೆ ಮುಂದಿನ ಮೂರು ವರ್ಷ ಆ ಮನೆಯ ಲೆಕ್ಕವನ್ನು ಬರೆದಿಡಬೇಕು. ಬರೆಯುವುದು ಸತ್ತವನ ಮನೆಯ ಭಾಷೆಯಲ್ಲಿ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ಆಟ ಇತಿಹಾಸದ ಪಾಠಪುಸ್ತಕವಾಗಬೇಕಾಗಿಲ್ಲ. ನಿಯಮ ಭಾರವಾದರೆ ಆಡುವವರು ಎದ್ದು ಹೋಗುತ್ತಾರೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಐದು ನಿಯಮಗಳಿಗೆ ನಿಲ್ಲಿಸಿದ್ದು ಆ ಕಾರಣಕ್ಕೆ. ಎರಡನೆಯದು ಹೆಚ್ಚು ಗಂಭೀರ: ಧಾರಣೆಯನ್ನು ನಿಯಮ ಮಾಡಿದರೆ ಸಾವಿನ ಆಘಾತ ಮಾಯವಾಗಿ ಲೆಕ್ಕದ ಪುಸ್ತಕ ಮಾತ್ರ ಉಳಿಯುವುದಿಲ್ಲವೇ? ಇದಕ್ಕೆ ಉತ್ತರ ನಮ್ಮ ಜಗುಲಿಯ ಆಟಗಳಲ್ಲಿದೆ. ಕನ್ನಡದಲ್ಲಿ ಹುಲಿ–ಕುರಿ, ತೆಲುಗಿನಲ್ಲಿ ಪುಲಿ–ಮೇಕ ಎನ್ನುವ ಆಟದಲ್ಲಿ ದಾಳವೇ ಇಲ್ಲ. ಎರಡು ಪಕ್ಷಗಳ ಬಲ ಬೇರೆ, ನಡೆ ಬೇರೆ, ಗೆಲ್ಲುವ ದಾರಿಯೂ ಬೇರೆ. ಹುಲಿ ಹಾರಿ ಕೊಲ್ಲುತ್ತದೆ. ಕುರಿಗಳು ಒಂದಕ್ಕೊಂದು ಒತ್ತಿ ನಿಂತು ಅದರ ದಾರಿ ಕಟ್ಟುತ್ತವೆ. ಅಸಮಾನರ ನಡುವಿನ ಸೆಣಸನ್ನು ಆಕಸ್ಮಿಕದ ನೆರವಿಲ್ಲದೆ ತೋರಿಸಿಯೂ ಆ ಆಟ ಉಸಿರು ಬಿಗಿಹಿಡಿಸುತ್ತದೆ. ಯುದ್ಧಕಾಲದ ಮನೆಯನ್ನು ನಿರೂಪಿಸಲು ಪಗಡೆಗಿಂತ ಈ ಆಟ ಹತ್ತಿರದ ಮಾದರಿ ಎಂದು ನನಗೆ ತೋರುತ್ತದೆ.

ಈ ಚರ್ಚೆಯಿಂದ ಆಗಬೇಕಾದ ಕೆಲಸ ಆಟದಾಚೆಗೂ ಇದೆ. ಕಂಟ್ರೋಲ್ ಕಾಲವನ್ನು ಬಾಲ್ಯದಲ್ಲಿ ಕಂಡವರಿಗೆ ಇಂದು ಎಂಬತ್ತು ದಾಟಿದೆ. ಅವರ ಮೊಮ್ಮಕ್ಕಳು ಫೋನಿನಲ್ಲೋ ಗಣಕದಲ್ಲೋ ಆಡುವ ಆಟದಲ್ಲಿ ಯುದ್ಧವೆಂದರೆ ಬೇರೆ ದೇಶದ ಬೆಣ್ಣೆ, ಬೇರೆ ದೇಶದ ಹಿತ್ತಲು. ಮಡಕಶಿರಾ ಕಡೆಯ ಕನ್ನಡ ಮಾಧ್ಯಮದ ಒಂದು ತರಗತಿಯಲ್ಲಿ ಮೇಲಿನ ಐದು ನಿಯಮಗಳನ್ನು ಕೊಟ್ಟು, ನಿಮ್ಮ ಮನೆಗೆ ಆರನೆಯದನ್ನು ಬರೆದು ತನ್ನಿ ಎಂದರೆ, ಮಕ್ಕಳು ಅದನ್ನು ಅಜ್ಜಿಯನ್ನು ಕೇಳದೆ ಬರೆಯಲಾರರು. ಆಗ ರಾಗಿಯ ಚೀಲ ಎಲ್ಲಿಂದ ಬರುತ್ತಿತ್ತು, ಯಾವ ದಾರಿಯಲ್ಲಿ, ಯಾರ ಕಣ್ಣು ತಪ್ಪಿಸಿ ಎಂದು ಅಜ್ಜಿ ಹೇಳುವುದನ್ನು ಬರೆದುಕೊಳ್ಳುವಾಗ, ಅರ್ಧ ಕನ್ನಡ ಅರ್ಧ ತೆಲುಗಿನ ಆ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಬೇಕು ಎಂಬುದೊಂದೇ ನಾವು ಮಕ್ಕಳಿಗೆ ಹಾಕಬೇಕಾದ ನಿಯಮ.